ಟರ್ಬೊ ಕಾರಿನ ಸಾಲಕ್ಕೆ ಜಾಮೀನು ಯಾರು?



ಮಳೆಗಾಲ ಮುಗಿದು ಘಟ್ಟದ ರಸ್ತೆಗಳು ಒಣಗುತ್ತಿದ್ದಂತೆಯೇ ಭಾನುವಾರದ ಮುಂಜಾನೆಗಳಲ್ಲಿ ಒಂದು ಸದ್ದು ನಮ್ಮ ಊರುಗಳತ್ತ ಏರಿ ಬರುತ್ತದೆ. ಮೊದಲು ಸಿಳ್ಳೆ ಹಾಕಿದಂತೆ, ಅನಂತರ ಕೋವಿ ಹೊಡೆದಂತೆ. ಕೊಟ್ಟಿಗೆಯ ದನ ಬೆದರುತ್ತದೆ. ಡೇರಿಗೆ ಹಾಲು ಒಯ್ಯುವವರು ತಿರುವಿನಲ್ಲಿ ಚರಂಡಿಗೆ ಇಳಿದು ನಿಲ್ಲುತ್ತಾರೆ. ಪೇಟೆಯ ಗ್ಯಾರೇಜುಗಳಲ್ಲಿ ಎಂಜಿನ್ ಬಿಚ್ಚಿ ಮರುಕಟ್ಟಿದ ಕಾರುಗಳು ಘಟ್ಟದ ತಿರುವುಗಳಲ್ಲಿ ತಮ್ಮ ಶಕ್ತಿಯನ್ನು ಪರೀಕ್ಷಿಸಿಕೊಳ್ಳಲು ಬಂದಿರುತ್ತವೆ.

ಈ ಹಾವಳಿಯ ಕುರಿತು ನಾವು ಹಿಂದೆ ಬರೆದಾಗ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ನಮ್ಮೂರಿನ ತರುಣನೊಬ್ಬ ಎರಡು ಪುಟದ ಪತ್ರ ಬರೆದ. ಅವನ ವಾದ ಹೀಗಿದೆ: ಸದ್ದನ್ನು ಬೇಕಾದರೆ ಬೈಯಿರಿ, ತಂತ್ರಜ್ಞಾನವನ್ನು ಬೈಯಬೇಡಿ. ಹಿಂದಿನವರು ಟರ್ಬೊ ಕೂರಿಸುವಾಗ ಎಂಜಿನ್ನಿನ ಕಂಪ್ರೆಶನ್ ತಗ್ಗಿಸುತ್ತಿದ್ದರು. ಈಗಿನವರು ಅದನ್ನು ಏರಿಸಿಯೇ ಟರ್ಬೊ ಕೂರಿಸುತ್ತಾರೆ. ಒಂದೇ ಹನಿ ಪೆಟ್ರೋಲಿನಿಂದ ಹೆಚ್ಚು ಕೆಲಸ ತೆಗೆಯುವ ವಿದ್ಯೆ ಪರಿಸರಕ್ಕೂ ಹಿತವೇ ತಾನೆ?

ಈ ವಾದ ಅರ್ಧ ಸತ್ಯ. ಅದಕ್ಕಾಗಿಯೇ ಇದಕ್ಕೆ ವಿವರವಾಗಿ ಉತ್ತರಿಸಬೇಕಾಗಿದೆ.

ಪಿಸ್ಟನ್ ಕೆಳಗಿದ್ದಾಗ ಸಿಲಿಂಡರಿನಲ್ಲಿರುವ ಜಾಗವನ್ನು, ಅದು ಮೇಲೇರಿದಾಗ ಉಳಿಯುವ ಜಾಗದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯೇ ಕಂಪ್ರೆಶನ್ ಅನುಪಾತ. ಈ ಸಂಖ್ಯೆ ಹೆಚ್ಚಿದಷ್ಟೂ ಸುಟ್ಟ ಇಂಧನದ ಶಾಖದಲ್ಲಿ ಹೆಚ್ಚಿನ ಪಾಲು ಕೆಲಸವಾಗಿ ಮಾರ್ಪಡುತ್ತದೆ. ಪಠ್ಯಪುಸ್ತಕದ ಆಟೋ ಚಕ್ರದ ಸೂತ್ರದಂತೆ ಅನುಪಾತವನ್ನು 8.5ರಿಂದ 10.5ಕ್ಕೆ ಏರಿಸಿದರೆ ದಕ್ಷತೆ ಶೇ. 57.5ರಿಂದ ಶೇ. 61ಕ್ಕೆ ಏರಬೇಕು. ನಿಜವಾದ ಎಂಜಿನ್ನಿನಲ್ಲಿ ಎರಡೂ ಸಂಖ್ಯೆಗಳು ಇದಕ್ಕಿಂತ ಬಹಳ ಕೆಳಗಿರುತ್ತವೆ. ಆದರೂ ಸುಮಾರು ನೂರಕ್ಕೆ ಆರರಷ್ಟು ಲಾಭವಿದೆ ಎಂದೇ ಒಪ್ಪಿಕೊಳ್ಳೋಣ.

ಟರ್ಬೊ ಎಂದರೆ ಹೊರಹೋಗುವ ಬಿಸಿ ಹೊಗೆಯ ಬಲದಿಂದ ಚಕ್ರ ತಿರುಗಿಸಿ, ಸಿಲಿಂಡರಿಗೆ ಹೆಚ್ಚು ಗಾಳಿ ತುರುಕುವ ಸಾಧನ. ಗಾಳಿ ಹೆಚ್ಚಿದಷ್ಟೂ ಪೆಟ್ರೋಲನ್ನು ಹೆಚ್ಚು ಸುಡಬಹುದು. ಈಗ ಮೊದಲೇ ಒತ್ತಿ ತುಂಬಿದ ಗಾಳಿಯನ್ನು, ಏರಿಸಿದ ಅನುಪಾತದಲ್ಲಿ ಮತ್ತೆ ಒತ್ತುತ್ತೇವೆ. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ಮೂಲೆ ಮುಟ್ಟುವ ಮೊದಲೇ ಅಲ್ಲಿನ ಮಿಶ್ರಣ ತಾನಾಗಿಯೇ ಸಿಡಿಯತೊಡಗುತ್ತದೆ. ಗ್ಯಾರೇಜಿನವರು ಇದನ್ನೇ ನಾಕಿಂಗ್ ಎನ್ನುತ್ತಾರೆ. ಪಿಸ್ಟನ್ ತೂತು ಬೀಳುವುದು, ರಿಂಗ್ ಕೂರುವ ಅಂಚು ಮುರಿಯುವುದು ಇದರಿಂದಲೇ. ಇಲ್ಲಿಗೆ ನಿಲ್ಲು ಎಂದು ಲೋಹವೇ ಹೇಳುವ ಮಾತು ಇದು.

ಕಳೆದ ನೂರು ವರ್ಷಗಳಲ್ಲಿ ಈ ಮಾತನ್ನು ಕೇಳಿಸಿಕೊಂಡವರು ಕಡಿಮೆ. ದಂಡ ತೆತ್ತು ಮುಂದೆ ಹೋದವರೇ ಹೆಚ್ಚು. ದಂಡವನ್ನು ಮಾತ್ರ ಬೇರೆಯವರಿಂದ ಕಟ್ಟಿಸಿದರು.

1921ರಲ್ಲಿ ಅಮೆರಿಕದ ಡೇಟನ್ ನಗರದಲ್ಲಿ ಜನರಲ್ ಮೋಟಾರ್ಸ್‌ನ ಪ್ರಯೋಗಾಲಯದಲ್ಲಿದ್ದ ಥಾಮಸ್ ಮಿಜ್ಲಿ, ಸೀಸದ ಒಂದು ಸಂಯುಕ್ತವನ್ನು ಪೆಟ್ರೋಲಿಗೆ ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆಂದು ಕಂಡುಕೊಂಡ. ಮದ್ಯಸಾರಕ್ಕೂ ಅದೇ ಗುಣವಿದೆಯೆಂಬುದು ಅವನಿಗೆ ತಿಳಿದಿತ್ತು. ಆದರೆ ಮದ್ಯಸಾರದ ಮೇಲೆ ಪೇಟೆಂಟ್ ದೊರೆಯುವಂತಿರಲಿಲ್ಲ. 1923ರಲ್ಲಿ ಸೀಸದ ಪೆಟ್ರೋಲ್ 'ಈಥೈಲ್' ಎಂಬ ಮುದ್ದಾದ ಹೆಸರಿನಿಂದ ಮಾರುಕಟ್ಟೆಗೆ ಬಂತು. ಹೆಸರಿನಲ್ಲಿ ಸೀಸದ ಸುಳಿವಿರಲಿಲ್ಲ. ಮರುವರ್ಷವೇ ನ್ಯೂಜರ್ಸಿಯ ಬೇವೇ ಕಾರ್ಖಾನೆಯಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿಭ್ರಮಣೆಗೊಳಗಾಗಿ ಸತ್ತರು. ಅಷ್ಟಾದರೂ ಮಾರಾಟ ನಿಲ್ಲಲಿಲ್ಲ. ಭಾರತದ ಬಂಕುಗಳಿಂದ ಸೀಸದ ಪೆಟ್ರೋಲ್ ಮರೆಯಾದದ್ದು 2000ದಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯ ಕೈಬಿಟ್ಟದ್ದು 2021ರಲ್ಲಿ. ಈ ನಡುವೆ ರಸ್ತೆ ಬದಿಯ ಮಕ್ಕಳ ರಕ್ತಕ್ಕೆ ಸೇರಿ ಅವರ ಬುದ್ಧಿಶಕ್ತಿಯನ್ನು ಕುಂದಿಸಿದ ಸೀಸಕ್ಕೆ ಬಿಲ್ಲು ಕಳುಹಿಸಿದವರು ಯಾರೂ ಇಲ್ಲ.

ಎರಡನೆಯ ಕಥೆ ನಮ್ಮ ತರುಣನಿಗೆ ಇನ್ನೂ ಹತ್ತಿರದ್ದು. 1962ರಲ್ಲಿ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಕಾರನ್ನು ಹೊರತಂದಿತು. ಜನಸಾಮಾನ್ಯರಿಗೆ ಮಾರಿದ ಮೊಟ್ಟಮೊದಲ ಟರ್ಬೊ ಕಾರುಗಳಲ್ಲಿ ಒಂದು. ಮೂರೂವರೆ ಲೀಟರಿನ ಅಲ್ಯೂಮಿನಿಯಂ ಎಂಜಿನ್, 215 ಅಶ್ವಶಕ್ತಿ, ಕಂಪ್ರೆಶನ್ 10.25. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಸಮಪಾಲು ಬೆರೆಸಿದ ದ್ರವವೊಂದನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಎಂಜಿನ್ನಿಗೆ ಊಡುತ್ತಿದ್ದರು. ಕಂಪನಿ ಅದಕ್ಕೆ 'ಟರ್ಬೊ ರಾಕೆಟ್ ಫ್ಲೂಯಿಡ್' ಎಂದು ಹೆಸರಿಟ್ಟಿತ್ತು. (ನೀರಿಗೆ ಎಂಥ ಹೆಸರು!) ಕೊಂಡವರು ಅದನ್ನು ತುಂಬಿಸಲು ಮರೆತರು. ಡಬ್ಬಿ ಖಾಲಿಯಾದೊಡನೆ ಟರ್ಬೊದ ಒತ್ತಡವನ್ನು ಯಂತ್ರವೇ ತಗ್ಗಿಸಿಕೊಳ್ಳುತ್ತಿತ್ತು. ಶಕ್ತಿ ಇಲ್ಲವೆಂದು ದೂರು ಬಂತು. ಎರಡೇ ವರ್ಷಕ್ಕೆ ಕಾರು ನಿಂತಿತು. 1965ರಲ್ಲಿ ಕಂಪನಿಯೇ ಟರ್ಬೊ ಕಳಚಿ ಸಾಮಾನ್ಯ ಕಾರ್ಬ್ಯುರೇಟರ್ ಕೂರಿಸಿಕೊಡಲು ಮುಂದಾಯಿತು. ದಂಡವನ್ನು ಸ್ವತಃ ಮಾಲೀಕನೇ ತೆರಬೇಕಾಗಿ ಬಂದ ಅಪರೂಪದ ಪ್ರಸಂಗವಿದು. ಅವನಿಗೆ ನೀರಿನ ಡಬ್ಬಿಯೇ ಭಾರವಾಯಿತು.

ಇಂದಿನ ಗ್ಯಾರೇಜಿನಲ್ಲಿ ಸೀಸವಿಲ್ಲ. ದಂಡ ತೆರುವ ಬಗೆ ಬೇರೆಯಾಗಿದೆ. ಮೊದಲನೆಯದು, ಸಿಲಿಂಡರ್ ತಣ್ಣಗಾಗಲೆಂದು ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುವುದು. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುವುದೂ ಈ ಪ್ರಮಾಣದಲ್ಲಿಯೇ. ಟರ್ಬೊ ಪೂರ್ಣ ಒತ್ತಡದಲ್ಲಿದ್ದಾಗ ಗಾಳಿಯನ್ನು 11.5 ಅಥವಾ 12 ಪಾಲಿಗೆ ಇಳಿಸುತ್ತಾರೆ. ಉಳಿದ ಇಂಧನ ಅರೆಬೆಂದು ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಬೀಳುತ್ತದೆ. ಅನೇಕರು ಕನ್ವರ್ಟರನ್ನೇ ಕತ್ತರಿಸಿ ಎಸೆದಿರುತ್ತಾರೆ. ಎಮಿಷನ್ ಟೆಸ್ಟ್ ನಡೆಯುವುದು ನಿಂತ ಕಾರಿನಲ್ಲಿ, ಭಾರವಿಲ್ಲದ ಎಂಜಿನ್ನಿನಲ್ಲಿ. ಘಟ್ಟದ ಏರಿನಲ್ಲಿ ಅದು ಉಗುಳುವುದನ್ನು ಆ ಚೀಟಿ ಎಂದೂ ಕಾಣುವುದಿಲ್ಲ.

ಎರಡನೆಯದು ಎಥನಾಲ್. ನಾಕಿಂಗ್ ತಡೆಯುವ ಗುಣ ಅದಕ್ಕೆ ಧಾರಾಳವಾಗಿದೆ. ಆದ್ದರಿಂದ ಶೇ. 85ರಷ್ಟು ಎಥನಾಲ್ ಬೆರೆತ ಇಂಧನವೆಂದರೆ ಇಂಥ ಎಂಜಿನ್ ಕಟ್ಟುವವರಿಗೆ ಅಮೃತ. ಅದನ್ನು 'ಹಸಿರು' ಎಂದು ಕರೆದುಕೊಳ್ಳಲೂಬಹುದು. ಆದರೆ ಅದು ಪೆಟ್ರೋಲಿಗಿಂತ ಸುಮಾರು ಶೇ. 30ರಷ್ಟು ಹೆಚ್ಚು ಖರ್ಚಾಗುತ್ತದೆ. ಕಬ್ಬಿನ ಸಕ್ಕರೆಯಿಂದ ಒಂದು ಲೀಟರ್ ಎಥನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕೆಂದು 2021ರ ನೀತಿ ಆಯೋಗದ ವರದಿಯೇ ಹೇಳುತ್ತದೆ. ಘಟ್ಟದಲ್ಲಿ ಹುಟ್ಟಿ ಬಯಲಿಗೆ ಹರಿಯುವ ತುಂಗಭದ್ರೆಯ ನೀರೇ ಅಲ್ಲವೇ ಕಬ್ಬಿನ ಗದ್ದೆಗಳಿಗೂ ಹಾಯುವುದು?

ಇನ್ನು ಆ ನೂರಕ್ಕೆ ಆರರ ಉಳಿತಾಯ. ಇಂಥ ಎಂಜಿನ್ ಕಟ್ಟುವವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಂದಾಜಿನಂತೆ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಬೇಕು. ನೂರು ಅಶ್ವಶಕ್ತಿಯ ಕಾರನ್ನು ಮುನ್ನೂರಕ್ಕೆ ಏರಿಸಿದರೆ, ಪೂರ್ಣ ವೇಗದಲ್ಲಿ ನಿಮಿಷಕ್ಕೆ ಒಂದೂಮುಕ್ಕಾಲು ಲೀಟರಿಗೂ ಹೆಚ್ಚು. ಗದ್ದೆಗೆ ನೀರೆತ್ತುವ ನಮ್ಮ ಪಂಪ್‌ಸೆಟ್ 5 ಅಶ್ವಶಕ್ತಿಯದು. ಒಬ್ಬ ಯುವಕನನ್ನು ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಎಸೆದಾಡಲು ಅರವತ್ತು ಪಂಪ್‌ಸೆಟ್ಟುಗಳ ಬಲ! ಅದೇ ರಸ್ತೆಯಂಚಿನ ಮರಗಳಲ್ಲಿ ಸಿಂಗಳೀಕಗಳು ಮರಿ ಕಟ್ಟಿಕೊಂಡು ಕುಳಿತಿರುತ್ತವೆ.

ಇಂಥ ಕಾರುಗಳು ಎಷ್ಟಿದ್ದಾವು, ಜಲ್ಲಿ ಲಾರಿಗಳ ಮುಂದೆ ಇವು ಯಾವ ಲೆಕ್ಕ ಎಂದು ಕೇಳುವವರಿದ್ದಾರೆ. ಹೊಗೆಯ ಮಟ್ಟಿಗೆ ಆ ಮಾತು ನಿಜ. ಲಾರಿಗಳ ಬಗ್ಗೆಯೂ ನಾವು ಬರೆಯುತ್ತಲೇ ಇದ್ದೇವೆ. ಆದರೆ ಲಾರಿಯವನು ತನ್ನದು ಪರಿಸರಪ್ರೇಮವೆಂದು ಹೇಳಿಕೊಳ್ಳುವುದಿಲ್ಲ. ಕಾನೂನೂ ಇಲ್ಲಿ ಸ್ಪಷ್ಟವಾಗಿದೆ: ತಯಾರಕರು ನಿಗದಿಪಡಿಸಿದ ಸ್ವರೂಪವನ್ನು ಮಾಲೀಕ ಮನಬಂದಂತೆ ಬದಲಿಸಕೂಡದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿದಿದೆ. ಸಾಮಾನ್ಯ ರಸ್ತೆಯಲ್ಲಿ ಇಂಥ ಕಾರು ಓಡಿಸುವ ಹಕ್ಕು ಯಾರಿಗೂ ಇಲ್ಲ. ಘಟ್ಟದ ಚೆಕ್‌ಪೋಸ್ಟಿನಲ್ಲಿ ಬಾನೆಟ್ ಎತ್ತಿ ನೋಡಿರೆಂದು ನಾವು ಕೇಳುತ್ತಿರುವುದು ಹೊಸ ಕಾನೂನನ್ನಲ್ಲ.

ವಿದ್ಯೆಯನ್ನು ನಾವು ದ್ವೇಷಿಸುವುದಿಲ್ಲ. ಸಣ್ಣ ಎಂಜಿನ್ನಿಗೆ ಟರ್ಬೊ ಕೂರಿಸಿ, ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸಿ, ಕಂಪ್ರೆಶನ್ನನ್ನು ಹತ್ತರ ಆಸುಪಾಸಿನಲ್ಲಿಟ್ಟು ದೊಡ್ಡ ಎಂಜಿನ್ನಿನ ಕೆಲಸ ಮಾಡಿಸುವ ಕಾರುಗಳು ಕಾರ್ಖಾನೆಗಳಿಂದಲೇ ಬರುತ್ತಿವೆ. ಅಲ್ಲಿ ಆ ವಿದ್ಯೆ ಉಳಿತಾಯಕ್ಕೆ ದುಡಿಯುತ್ತದೆ. ಓಡಿಸಿಯೇ ತೀರಬೇಕೆನ್ನುವವರಿಗೆ ಚೆನ್ನೈ, ಕೊಯಮತ್ತೂರುಗಳಲ್ಲಿ ಅದಕ್ಕೆಂದೇ ಕಟ್ಟಿದ ಪಥಗಳಿವೆ.

ತರುಣನ ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: "ಹಾಗಾದರೆ ನಾನು ಕಲಿತದ್ದನ್ನು ಊರಿನಲ್ಲಿ ಎಲ್ಲಿ ಮಾಡಿ ನೋಡಲಿ, ಹೇಳಿ ಮಾವಯ್ಯ?" ರಜೆಗೆ ಬಾ, ತಮ್ಮಾ. ಹೊಳೆಯಂಚಿನ ಡೀಸೆಲ್ ಪಂಪ್‌ಸೆಟ್ ಎರಡು ವರ್ಷಗಳಿಂದ ಕಪ್ಪು ಹೊಗೆ ಉಗುಳುತ್ತಿದೆ. ನಾಝಲ್ ಕೆಟ್ಟಿದೆಯೋ, ಕಂಪ್ರೆಶನ್ನೇ ಸೋರುತ್ತಿದೆಯೋ ಯಾರಿಗೂ ತಿಳಿದಿಲ್ಲ. ಸ್ಪ್ಯಾನರುಗಳು ನಮ್ಮ ಮನೆಯಲ್ಲಿವೆ.