ಕೂಲಿಗೆ ನೆಯ್ದ ಕುಣಿತ

ಹೊರನಾಡಿನ ಕನ್ನಡ ಸಮಾರಂಭಗಳಲ್ಲಿ ನಾವು ಆಡಿಸುವ ಸಮೂಹನೃತ್ಯಗಳ ಬಗೆಗೆ ನನ್ನದೊಂದು ತಕರಾರಿದೆ. ಹಾಡು ಕನ್ನಡದ್ದು, ಕುಣಿಯುವ ಮಕ್ಕಳು ನಮ್ಮವರು. ಆದರೆ ಆ ಕುಣಿತ ಹುಟ್ಟುವಾಗ ಆ ಮಕ್ಕಳ ಬಾಯಿಂದ ಒಂದು ಮಾತೂ ಹೊರಟಿರುವುದಿಲ್ಲ. ಹಣ ಕೊಟ್ಟು ಕರೆಸಿದ ಮಾಸ್ತರರು ಎಣಿಕೆ ಹೇಳುತ್ತಾರೆ, ಮಕ್ಕಳು ಕೈಕಾಲು ಎತ್ತುತ್ತಾರೆ. ಇದನ್ನು ಕನ್ನಡದ ಸೇವೆಯೆಂದು ಕರೆದು ನಾವು ಚಪ್ಪಾಳೆ ತಟ್ಟುತ್ತೇವೆ.

ನಾನಿರುವ ಸೋಮನೂರು ವಿದ್ಯುತ್ ಮಗ್ಗಗಳ ಊರು. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ದೇವಾಂಗ ನೇಕಾರರು ಈ ಸೀಮೆಯಲ್ಲಿ ತಲೆಮಾರುಗಳಿಂದ ಇದ್ದಾರೆ. 1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ಕಾಸರಗೋಡಿನ ನೀವು ಕೇರಳಕ್ಕೆ ಸೇರಿದಂತೆ ನಾವು ಇತ್ತ ಉಳಿದೆವು. ಕೂಲಿ ನೇಯ್ಗೆ ಎಂದರೇನೆಂದು ಇಲ್ಲಿ ಮಗುವಿಗೂ ಗೊತ್ತು: ನೂಲು ವ್ಯಾಪಾರಿಯದು, ಬಟ್ಟೆಯೂ ವ್ಯಾಪಾರಿಯದು, ನಮ್ಮದು ಬರಿಯ ಕೂಲಿ. ನಮ್ಮ ವೇದಿಕೆಯ ಕುಣಿತವೂ ಹಾಗೆಯೇ ಆಗಿದೆ. ವ್ಯತ್ಯಾಸವಿಷ್ಟೇ, ಇಲ್ಲಿ ಕೂಲಿಯನ್ನೂ ನಾವೇ ಕೊಡುತ್ತೇವೆ!

2022ರ ಜನವರಿಯಲ್ಲಿ ಕೂಲಿ ಹೆಚ್ಚಳಕ್ಕಾಗಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮಗ್ಗಗಳು ನಿಂತವು. ಎದುರುಬದುರು ಕೂತು ಮಾತಾಡಬೇಕೆಂದು ಹಟ ಹಿಡಿಯುವುದು ನಮಗೆ ಬರುತ್ತದೆ. ಮಗ್ಗದ ವಿಷಯದಲ್ಲಿ ಬೇಕಾದ ಮಾತುಕತೆ ಮಕ್ಕಳ ಕುಣಿತದಲ್ಲಿ ಏಕೆ ಬೇಡ?

ಕುಣಿತಕ್ಕೆ ಮಾತು ಏನು ಮಾಡುತ್ತದೆಂದು ಕೇಳುವವರಿಗೆ ಒಂದು ಉದಾಹರಣೆ. ಮಗ್ಗದ ಮೇಲೊಂದು ಕುಣಿತ ಕಟ್ಟುವುದಾದರೆ ಮಾಸ್ತರರು ಲಾಳಿ ಓಡುವುದನ್ನು ತೋರಿಸಿ ಮುಗಿಸುತ್ತಾರೆ. ಮಕ್ಕಳನ್ನು ಸುತ್ತ ಕೂರಿಸಿ ಕೇಳಿ ನೋಡಿ. ಎಳೆ ಕಡಿದರೆ ಮಗ್ಗ ನಿಲ್ಲುತ್ತದೆ ಎಂದು ಒಬ್ಬ ಹೇಳುತ್ತಾನೆ. ಅಮ್ಮ ಎದ್ದು ಗಂಟು ಹಾಕುತ್ತಾಳೆ ಎಂದು ಇನ್ನೊಬ್ಬಳು. ಕರೆಂಟು ಹೋದಾಗ ಮಾತ್ರ ಮನೆಯಲ್ಲಿ ಪರಸ್ಪರರ ದನಿ ಕೇಳಿಸುತ್ತದೆ ಎಂದು ಮತ್ತೊಬ್ಬ. ಅಲ್ಲಿಗೆ ಕುಣಿತಕ್ಕೊಂದು ನಿಲುಗಡೆ, ಒಂದು ಗಂಟು, ಒಂದು ಮೌನ ಸಿಕ್ಕಿತು. ಇದನ್ನು ಯಾವ ಮಾಸ್ತರರೂ ಹೊರಗಿನಿಂದ ತರಲಾರರು.

ಅಮೆರಿಕದ ನೃತ್ಯನಿರ್ದೇಶಕಿ ಲಿಜ್ ಲರ್ಮನ್ 1990ರಲ್ಲಿ ಇಂಥ ಮಾತುಕತೆಗೆ ನಾಲ್ಕು ಹೆಜ್ಜೆಗಳ ಕ್ರಮವೊಂದನ್ನು ರೂಪಿಸಿದರು. ನೋಡಿದವರು ಮೊದಲು ತಮ್ಮ ಮನಸ್ಸಿಗೆ ತಟ್ಟಿದ್ದನ್ನು ಹೇಳಬೇಕು; ಆಮೇಲೆ ಕಟ್ಟಿದವರು ತಮ್ಮ ಪ್ರಶ್ನೆ ಕೇಳಬೇಕು; ಬಳಿಕ ನೋಡಿದವರು ತೀರ್ಪನ್ನು ಬೆರೆಸದ ಪ್ರಶ್ನೆ ಕೇಳಬೇಕು; ಕೊನೆಗೆ, ಕಟ್ಟಿದವರ ಒಪ್ಪಿಗೆ ಪಡೆದು, ಅಭಿಪ್ರಾಯ ಹೇಳಬೇಕು. ನಮ್ಮಲ್ಲಿ ಅಭಿಪ್ರಾಯವೇ ಮೊದಲು, ಅದೂ ಗದರಿಕೆಯ ದನಿಯಲ್ಲಿ.

ಮಾತಾಡುತ್ತ ಕೂತರೆ ಶಿಸ್ತು ಕೆಡುತ್ತದೆ, ಹೊತ್ತು ಹಾಳು ಎನ್ನುವವರಿದ್ದಾರೆ. ಪಾರ್ತಿಸುಬ್ಬನ ಕುಂಬಳೆಯ ಕಡೆಯ ಓದುಗರು ಇದನ್ನು ಒಪ್ಪಲಾರರು. ಯಕ್ಷಗಾನದಲ್ಲಿ ಪದ್ಯ ಬರೆದಿಟ್ಟದ್ದು, ತಾಳ ಗೊತ್ತಾದದ್ದು. ಆದರೆ ಅರ್ಥ ಕಲಾವಿದನದೇ, ಎದುರು ಪಾತ್ರದ ಮಾತಿಗೆ ತಕ್ಕಂತೆ ಆ ರಾತ್ರಿಯೇ ಹುಟ್ಟುವಂಥದ್ದು. ಶಿಸ್ತು ಕೆಟ್ಟಿತೇ? ಮಾಸ್ತರರೇ ಬೇಡವೆಂದು ನಾನು ಹೇಳುತ್ತಿಲ್ಲ. ಅವರು ಭಾಗವತರಂತೆ ಇರಲಿ, ಯಜಮಾನರಂತೆ ಬೇಡ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ತಮಿಳುನಾಡಿನ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸುವ ಕಾಯ್ದೆ ಬಂದದ್ದು 2006ರಲ್ಲಿ. ತಮಿಳು ನಮ್ಮ ಮಕ್ಕಳ ಅನ್ನದ ದಾರಿ. ಅದರ ಮೇಲೆ ನನಗೆ ದೂರಿಲ್ಲ. ದೂರಿರುವುದು ನಮ್ಮ ಮನೆಗಳ ಮೇಲೆ. ‘ಬಾ’, ‘ಉಣ್ಣು’, ‘ಮಲಗು’ ಎಂಬ ಅಪ್ಪಣೆಗಳಿಗೆ ಕನ್ನಡ ಕುಗ್ಗಿದೆ. ವಾದಿಸಲು, ಕಾರಣ ಕೊಡಲು, ‘ನಾನು ಒಪ್ಪುವುದಿಲ್ಲ’ ಎನ್ನಲು ಮಕ್ಕಳು ತಮಿಳಿಗೆ ಹೋಗುತ್ತಾರೆ. ಅಪ್ಪಣೆಗೆ ಮಾತ್ರ ಉಳಿದ ಭಾಷೆ ಬಹುಕಾಲ ಬಾಳದು. ಕುಣಿತ ಕಟ್ಟಲು ಕೂತ ಹತ್ತು ಮಕ್ಕಳು ಈ ಹೆಜ್ಜೆ ಏಕೆ ಬೇಕು, ಏಕೆ ಬೇಡ ಎಂದು ಕನ್ನಡದಲ್ಲಿ ಜಗಳವಾಡಲಿ. ತಮಿಳು ಬೆರೆತರೆ ಬೆರೆಯಲಿ. ತಿದ್ದಿ ಬಾಯಿ ಮುಚ್ಚಿಸಬೇಡಿ.

ಮುಂದಿನ ಉತ್ಸವಕ್ಕೆ ಸಿದ್ಧ ಕುಣಿತ ಕೊಳ್ಳಬೇಡಿ. ಅರ್ಧ ಗಂಟೆ ಅಭ್ಯಾಸವಿದ್ದರೆ ಅದರಲ್ಲಿ ಹತ್ತು ನಿಮಿಷ ಮಾತಿಗೆ ಬಿಡಿ. ವೇದಿಕೆಯ ಮೇಲೆ ಸಾಲು ಸ್ವಲ್ಪ ಸೊಟ್ಟಗಾದೀತು, ಆಗಲಿ. ಹಾಸೂ ನಮ್ಮದು, ಹೊಕ್ಕೂ ನಮ್ಮದು ಎಂದು ಆ ಮಕ್ಕಳು ಹೇಳುವಂತಾದರೆ ಸಾಕು.