ಗ್ರಾಂ ಲೆಕ್ಕ ಸಾಕು, ಗಂಟೆ ಲೆಕ್ಕ ಹಾಕೋಣ

ಸೆಮಿಸ್ಟರ್ ಪರೀಕ್ಷೆ ಮುಗಿದ ದಿನವೇ ಹಾಸ್ಟೆಲ್‌ನಲ್ಲಿ ಟ್ರಿಪ್ ಮಾತು ಶುರುವಾಗುತ್ತೆ. ಶಿರಸಿ ಕಡೆ ಅಂತ ತೀರ್ಮಾನ ಆದರೆ ಪಟ್ಟಿ ಎಲ್ಲರಿಗೂ ಬಾಯಿಪಾಠ: ಮಾರಿಕಾಂಬಾ ದೇವಸ್ಥಾನ, ಶಾಲ್ಮಲೆಯ ಸಹಸ್ರಲಿಂಗ, ಸಿದ್ದಾಪುರ ತಾಲೂಕಿನ ಉಂಚಳ್ಳಿ ಜಲಪಾತ, ಯಲ್ಲಾಪುರದ ಮಾಗೋಡು, ಸಾತೊಡ್ಡಿ. ಎರಡು ದಿನದಲ್ಲಿ ಇಷ್ಟನ್ನೂ ಮುಗಿಸಿ, ಫೋನ್ ತುಂಬ ಫೋಟೋ ತುಂಬಿಕೊಂಡು ವಾಪಸ್. ಈ ಪಟ್ಟಿಯಿಂದ ಒಂದು ಜಲಪಾತ ತೆಗೆದು, ಆ ಅರ್ಧ ದಿನವನ್ನು ಬೆಳ್ಳಿ ಕೆಲಸದ ಅಂಗಡಿಯೊಂದರಲ್ಲಿ ಕಳೆಯಬೇಕು, ನಮ್ಮ ಬೆರಳಿಗೆ ನಾವೇ ಒಂದು ಉಂಗುರ ಮಾಡಿಕೊಳ್ಳಬೇಕು ಅನ್ನೋದು ನಮ್ಮ ವಾದ. ಕಲಿಸಿದವರಿಗೆ ದುಡ್ಡು ಕೊಡುವಾಗ ಬೆಳ್ಳಿಯ ತೂಕ ನೋಡಿ ಕೊಡಬಾರದು, ಅವರ ಸಮಯ ನೋಡಿ ಕೊಡಬೇಕು. ಈ ಎರಡನೇ ಮಾತೇ ನಮಗೆ ಹೆಚ್ಚು ಮುಖ್ಯ.

ಪ್ರವಾಸದಲ್ಲಿ ಆಭರಣ ಮಾಡಿ ಕಲಿಯೋದು ಹೊಸ ವಿಚಾರವೇನಲ್ಲ. ಇಂಡೋನೇಷ್ಯಾದ ಬಾಲಿಯಲ್ಲಿ ಉಬುದ್ ಹತ್ತಿರ ಚೆಲುಕ್ ಅಂತ ಒಂದು ಊರಿದೆ, ಬೆಳ್ಳಿ ಕೆಲಸಕ್ಕೇ ಹೆಸರುವಾಸಿ. ಅಲ್ಲಿಗೆ ಹೋದ ಪ್ರವಾಸಿಗಳು ಕೆಲವು ಗಂಟೆ ಕೂತು, ಕೆಲವು ಗ್ರಾಂ ಬೆಳ್ಳಿಯಲ್ಲಿ ಉಂಗುರವನ್ನೋ ಪದಕವನ್ನೋ ಮಾಡಿಕೊಂಡು ಬರ್ತಾರೆ. ಇನ್‌ಸ್ಟಾಗ್ರಾಂನಲ್ಲಿ ಆ ರೀಲ್‌ಗಳನ್ನು ನಾವೆಲ್ಲ ನೋಡಿದ್ದೇವೆ. ನೋಡಿದ ಮೇಲೆ "ಒಂದಿನ ಬಾಲಿಗೆ ಹೋಗ್ಬೇಕು ಕಣೋ" ಅಂತೀವಿ. ಅದೇ ಕೆಲಸ ಗೊತ್ತಿರುವವರು ನಮ್ಮದೇ ಉತ್ತರ ಕನ್ನಡದ ಪೇಟೆಗಳಲ್ಲಿ ಇದ್ದಾರೆ ಅನ್ನೋದು ಮಾತ್ರ ನೆನಪಿಗೆ ಬರೋದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಭಾಗದಲ್ಲಿ ಚಿನ್ನ ಬೆಳ್ಳಿ ಕೆಲಸ ಹೆಚ್ಚಾಗಿ ದೈವಜ್ಞ ಸಮಾಜದವರದು. ಊರವರ ಬಾಯಲ್ಲಿ ಅವರು "ಶೇಟ್ರು". ಮನೆಮಾತು ಕೊಂಕಣಿ, ಅಂಗಡಿಮಾತು ಕನ್ನಡ. ಅವರ ಮಠ ಇರೋದು ಹೊನ್ನಾವರ ತಾಲೂಕಿನ ಕರ್ಕಿಯಲ್ಲಿ. ಘಟ್ಟದ ಮೇಲಿನ ಅಡಿಕೆ ಸೀಮೆಗೂ ಬೆಳ್ಳಿಗೂ ನಂಟು ಹಳೇದು. ಕವಳದ ತಟ್ಟೆ, ಸುಣ್ಣದ ಡಬ್ಬಿ, ಪೂಜೆಯ ಹರಿವಾಣ, ಪಂಚಪಾತ್ರೆ, ಮಗುವಿನ ಉಡಿದಾರ, ಮದುಮಗಳ ಕಾಲುಂಗುರ, ಇವೆಲ್ಲ ಮನೆಗೆ ಬಂದದ್ದು ಗೊತ್ತಿರುವ ಶೇಟ್ರ ಕೈಯಿಂದಲೇ. ಅದೇ ಸೀಮೆಯ ಗುಡಿಗಾರರ ಗಂಧದ ಕೆತ್ತನೆ, ಬೆಂಡಿನ ಬಾಸಿಂಗ ಕರಕುಶಲ ಅಂತ ಹೆಸರು ಮಾಡಿದವು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಅಮೆರಿಕದ ಪ್ರದರ್ಶನದವರೆಗೂ ಹೋದವು. ಬೆಳ್ಳಿ ಕೆಲಸಕ್ಕೆ ಮಾತ್ರ ಆ ತರಹದ ಹೆಸರು ಬರಲಿಲ್ಲ. ಅದು ಅಂಗಡಿ ವ್ಯವಹಾರವಾಗಿಯೇ ಉಳಿಯಿತು.

ಯಾಕೆ ಅಂತ ಕೇಳಿದರೆ ನಮಗೆ ಸಿಗುವ ಒಂದು ಉತ್ತರ ಬಿಲ್ಲಿನಲ್ಲಿದೆ. ಒಂದು ಸಾದಾ ಉಂಗುರದ ಲೆಕ್ಕ ಹಾಕೋಣ. ಒಳ ವ್ಯಾಸ 17 ಮಿ.ಮೀ., ಪಟ್ಟಿಯ ದಪ್ಪ 1.5 ಮಿ.ಮೀ., ಅಗಲ 4 ಮಿ.ಮೀ. ಇರಲಿ. ಪಟ್ಟಿಯ ಉದ್ದಕ್ಕೆ ಒಳ ವ್ಯಾಸಕ್ಕೆ ದಪ್ಪ ಕೂಡಿಸಿ ಪೈಯಿಂದ ಗುಣಿಸಬೇಕು: 18.5 ಗುಣಿಸು 3.14, ಸುಮಾರು 58 ಮಿ.ಮೀ. ದಪ್ಪ ಕೂಡಿಸದೆ ಕತ್ತರಿಸಿದರೆ ಉಂಗುರ ಬಿಗಿಯಾಗುತ್ತೆ. ಶೀಟ್ ಮೆಟಲ್ ಲ್ಯಾಬ್‌ನಲ್ಲಿ ಹೇಳಿಕೊಟ್ಟ ನ್ಯೂಟ್ರಲ್ ಆ್ಯಕ್ಸಿಸ್ ಇದೇ. 925 ಬೆಳ್ಳಿಯ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 10.36 ಗ್ರಾಂ. ಹಾಗಾಗಿ ಈ ಉಂಗುರದ ತೂಕ ಸುಮಾರು 3.6 ಗ್ರಾಂ.

ಬೆಳ್ಳಿ ದರ ದಿನಾ ಏರಿಳಿಯುತ್ತೆ. ಲೆಕ್ಕ ಸುಲಭವಾಗಲಿ ಅಂತ ಗ್ರಾಂಗೆ 200 ರೂ. ಹಿಡಿಯೋಣ. ಲೋಹದ ಬೆಲೆ 720 ರೂ. ಮಜೂರಿ ಶೇ. 15 ಅಂತ ಹಾಕಿದರೆ 108 ರೂ. ಕರಗಿಸೋದು, ಬಡಿಯೋದು, ಬಗ್ಗಿಸೋದು, ಬೆಸೆಯೋದು, ಅರದಿಂದ ಉಜ್ಜೋದು, ಹೊಳಪು ಕೊಡೋದು, ಇಷ್ಟೂ ಕೆಲಸಕ್ಕೆ 108 ರೂ. ಅದರಲ್ಲೂ ಗಿರಾಕಿ "ಮಜೂರಿ ಸ್ವಲ್ಪ ಬಿಡಿ ಶೇಟ್ರೇ" ಅಂತಾರೆ. ಲೋಹದ ದರ ಪೇಪರ್‌ನಲ್ಲಿ ಬಂದಿರುತ್ತೆ, ಅದರ ಮೇಲೆ ಯಾರೂ ಚೌಕಾಸಿ ಮಾಡಲ್ಲ. ಚೌಕಾಸಿ ನಡೆಯೋದು ಕೈಕೆಲಸದ ಮೇಲೆ, ತೇಮಾನಿನ ಮೇಲೆ. ಬಿಲ್ಲಿನಲ್ಲಿ ಮನುಷ್ಯನ ಪಾಲು ಇರೋದೇ ಆ ಸಾಲಿನಲ್ಲಿ, ನಾವು ಕತ್ತರಿ ಹಾಕೋದೂ ಅಲ್ಲೇ.

ಈ ಲೆಕ್ಕದಲ್ಲಿ ಯಂತ್ರದ ಜೊತೆ ಕೈ ಗೆಲ್ಲೋದು ಕಷ್ಟ. ಕೊಲ್ಲಾಪುರ ಜಿಲ್ಲೆಯ ಹುಪರಿ, ತಮಿಳುನಾಡಿನ ಸೇಲಂ, ಗುಜರಾತಿನ ರಾಜಕೋಟ್ ಬೆಳ್ಳಿ ಒಡವೆಗೆ ದೊಡ್ಡ ಕೇಂದ್ರಗಳು. ಸಗಟಾಗಿ ತಯಾರಾದ ಗೆಜ್ಜೆ, ಚೈನು ಊರೂರಿನ ಅಂಗಡಿಗೆ ಬರುತ್ತೆ. ಒಂದೊಂದಾಗಿ ಕೈಯಲ್ಲಿ ಮಾಡುವವರು ಗ್ರಾಂ ಲೆಕ್ಕದಲ್ಲಿ ಅದಕ್ಕೆ ಸಮ ನಿಲ್ಲೋದು ಹೇಗೆ? ಕೊನೆಗೆ ಅವರ ಪಾಲಿಗೆ ತುಂಡಾದ ಚೈನಿಗೆ ಬೆಸುಗೆ ಹಾಕೋದು, ಬಿಗಿಯಾದ ಉಂಗುರ ಹಿಗ್ಗಿಸೋದು ಉಳಿಯುತ್ತೆ. ಇಂಥ ಮನೆಯಲ್ಲಿ ಬೆಳೆದ ಹುಡುಗನೋ ಹುಡುಗಿಯೋ ಕುಲಕಸುಬು ಬಿಟ್ಟು ಇಂಜಿನಿಯರಿಂಗ್‌ಗೆ ಬಂದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಅಪ್ಪನ ಕೈಯಲ್ಲಿರುವ ವಿದ್ಯೆಗೆ ಗಂಟೆಗೆ ಇಷ್ಟು ಅಂತ ಬೆಲೆ ಸಿಕ್ಕಿದ್ದರೆ ಆ ಆಯ್ಕೆ ಬೇರೆ ಇರಬಹುದಿತ್ತು.

ಅದು ವಿದ್ಯೆ ಅನ್ನೋದರಲ್ಲಿ ನಮಗೆ ಅನುಮಾನ ಇಲ್ಲ. ಮೆಟೀರಿಯಲ್ ಸೈನ್ಸ್ ಪೇಪರಿನಲ್ಲಿ ಐದು ಅಂಕಕ್ಕೆ ಬರೆಯುವ ವರ್ಕ್ ಹಾರ್ಡನಿಂಗ್ ಅಲ್ಲಿ ಸುತ್ತಿಗೆಯ ಶಬ್ದದಲ್ಲೇ ಗೊತ್ತಾಗುತ್ತೆ. ಬಡಿಯುತ್ತಾ ಹೋದಂತೆ ಬೆಳ್ಳಿ ಗಡುಸಾಗುತ್ತೆ, ಹಾಗೇ ಮುಂದುವರಿಸಿದರೆ ಅಂಚಿನಲ್ಲಿ ಬಿರುಕು ಬಿಡುತ್ತೆ. ಆಗ ಅದನ್ನು ಸುಮಾರು 600ರಿಂದ 650 ಡಿಗ್ರಿವರೆಗೆ ಕಾಯಿಸಿ ಮತ್ತೆ ಮೆತ್ತಗೆ ಮಾಡಬೇಕು. ನಮ್ಮ ಪುಸ್ತಕದಲ್ಲಿ ಅದು ಅನೀಲಿಂಗ್. ಆ ಉಷ್ಣಾಂಶ ಅಳೆಯೋಕೆ ಅಲ್ಲಿ ಪೈರೋಮೀಟರ್ ಇರಲ್ಲ, ಕಣ್ಣೇ ಅಳತೆ. ಬೆಳ್ಳಿ ಮಬ್ಬುಗೆಂಪಿಗೆ ತಿರುಗಿದ ಕ್ಷಣ ಬೆಂಕಿ ತೆಗೀಬೇಕು. ಆ ಬಣ್ಣ ಬಿಸಿಲಲ್ಲಿ ಕಾಣಲ್ಲ. ಅದಕ್ಕೇ ಕಾಯಿಸೋ ಜಾಗ ಸ್ವಲ್ಪ ಕತ್ತಲಿದ್ದರೆ ಒಳ್ಳೇದು.

ಬೆಸುಗೆ ಇನ್ನೂ ಸೂಕ್ಷ್ಮ. ಲೋಹಗಳಲ್ಲೆಲ್ಲ ಶಾಖವನ್ನು ಅತಿ ಚೆನ್ನಾಗಿ ಹರಿಸೋದು ಬೆಳ್ಳಿ. ಕೀಲಿರುವ ಜಾಗಕ್ಕೆ ಮಾತ್ರ ಜ್ವಾಲೆ ಹಿಡಿದರೆ ಶಾಖ ಉಂಗುರದ ತುಂಬ ಓಡಿಹೋಗುತ್ತೆ, ಬೆಸುಗೆ ಕರಗಲ್ಲ. ಹಾಗಾಗಿ ಇಡೀ ಉಂಗುರವನ್ನು ಸಮನಾಗಿ ಕಾಯಿಸಿ ಕೊನೆಯಲ್ಲಿ ಕೀಲಿಗೆ ಬರಬೇಕು. ಕಾವು ಒಂದಿಷ್ಟು ಹೆಚ್ಚಾದರೆ ಉಂಗುರವೇ ಕುಸಿಯುತ್ತೆ. ಶುದ್ಧ ಬೆಳ್ಳಿ ಕರಗೋದು ಸುಮಾರು 962 ಡಿಗ್ರಿಯಲ್ಲಿ. ಶೇ. 7.5 ತಾಮ್ರ ಸೇರಿದ 925 ಬೆಳ್ಳಿ 800 ದಾಟಿದ ಕೂಡಲೇ ಕರಗಲು ಶುರುವಾಗುತ್ತೆ. ಬೆಸುಗೆ ಹರಿಯೋದು 700ರ ಆಸುಪಾಸಿನಲ್ಲಿ. ನಡುವೆ ಸಿಗುವ ಅವಕಾಶ ಅಷ್ಟೇ. ಅಷ್ಟರೊಳಗೆ ಬೆಂಕಿ ಆಡಿಸೋದನ್ನು ಕೈ ಕಲಿಯೋಕೆ ವರ್ಷಗಳು ಬೇಕು. ನಮ್ಮ ಕೈಯಲ್ಲಿ ಒಂದು ಉಂಗುರ ಕರಗಿ ಗುಂಡಾದಾಗ, 108 ರೂಪಾಯಿ ಯಾವುದಕ್ಕೆ ಕೊಡ್ತಿದ್ದೆವು ಅಂತ ಯಾರೂ ಹೇಳದೇ ಗೊತ್ತಾಗುತ್ತೆ. ಅಂಗಡಿಗೆ ಹೋಗಿ ಕೊಳ್ಳೋದಕ್ಕಿಂತ ಕೂತು ಮಾಡೋದು ಒಳ್ಳೇದು ಅಂತ ನಾವು ಹೇಳುವ ಕಾರಣ ಇದು.

ಕನ್ನಡ ಸಂಘದವರಾಗಿ ನಮಗೆ ಇನ್ನೊಂದು ಆಸೆಯೂ ಇದೆ. ಕ್ರೂಸಿಬಲ್‌ಗೆ ಮೂಸೆ, ಬೊರ್‍ಯಾಕ್ಸ್‌ಗೆ ಬಿಳಿಗಾರ, ಫೈಲ್‌ಗೆ ಅರ, ತಂತಿ ಎಳೆಯುವ ತೂತಿನ ಪಟ್ಟಿಗೆ ಕಂಬಚ್ಚು, ಟಚ್‌ಸ್ಟೋನ್‌ಗೆ ಒರೆಗಲ್ಲು ಅನ್ನೋ ಪದಗಳು ಕನ್ನಡದಲ್ಲಿ ಮೊದಲಿಂದ ಇವೆ. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಾಗ "ಪದಗಳೆಲ್ಲಿವೆ?" ಅಂತ ಕೇಳಿದವರು ಬಹಳ. ಒಂದಿಷ್ಟು ಪದ ಈ ಮಣೆಗಳ ಮೇಲಿವೆ. ಕೆಲವು ಕನ್ನಡದವು, ಕೆಲವು ಕೊಂಕಣಿಯವು ಇರಬಹುದು. ಎರಡನ್ನೂ ಕೇಳಿ ಬರೆದುಕೊಳ್ಳಬೇಕು. ಕೆಲಸ ನಿಂತ ಮೇಲೆ ಪದಕೋಶದಲ್ಲಿ ಹುಡುಕೋದಕ್ಕಿಂತ, ಕೆಲಸ ನಡೆಯುವಾಗ ಪಕ್ಕದಲ್ಲಿ ಕೂತು ಕೇಳೋದು ಸುಲಭ.

ಇದಕ್ಕೆ ಆಕ್ಷೇಪಗಳು ಬರೋದು ಸಹಜ. "ಮೂರು ಗಂಟೆ ಕೂತರೆ ಅಕ್ಕಸಾಲಿಗ ಆಗ್ತೀರಾ?" ಖಂಡಿತ ಇಲ್ಲ. ಹೊಸಬರಿಗೆ ಸಾಮಾನ್ಯವಾಗಿ ಪಟ್ಟಿ ಸಿದ್ಧ ಮಾಡಿಯೇ ಕೊಡ್ತಾರೆ, ಕಷ್ಟದ ಜಾಗದಲ್ಲಿ ಕಲಿಸುವವರೇ ಕೈ ಹಾಕ್ತಾರೆ. ಹಾಗಾಗಿ "ನಾನೇ ಮಾಡಿದ್ದು" ಅಂತ ಪೋಸ್ಟ್ ಹಾಕುವಾಗ ಯಾರ ಪಕ್ಕ ಕೂತು ಮಾಡಿದ್ದು ಅಂತಲೂ ಅವರ ಒಪ್ಪಿಗೆ ಪಡೆದು ಬರೆಯೋಣ. ಆ ಉಂಗುರವನ್ನು 925 ಅಂತ ಹೇಳಿ ಮಾರೋ ಯೋಚನೆಯೂ ಬೇಡ. ಹಾಲ್‌ಮಾರ್ಕ್ ಇಲ್ಲದ ಬೆಳ್ಳಿಯ ಶುದ್ಧತೆಗೆ ಬಾಯಿಮಾತು ಸಾಕ್ಷಿ ಆಗಲ್ಲ.

"ಕಸುಬು ಪ್ರವಾಸಿಗರ ಆಟ ಆಗಿಬಿಡಲ್ವಾ?" ಈ ಭಯ ನಿಜವಾದದ್ದು. ದಿನಾ ಬರುವವರಿಗೆ ಒಂದೇ ಸುಲಭದ ಉಂಗುರ ಮಾಡಿಸುತ್ತಾ ಕೂತರೆ ದೊಡ್ಡ ಕೆಲಸದ ಕೈ ತಪ್ಪುತ್ತೆ. ಆದ್ದರಿಂದ ಯಾವ ದಿನ, ಎಷ್ಟು ಜನ, ಏನು ಕಲಿಸೋದು ಅನ್ನೋದನ್ನು ಶೇಟ್ರೇ ತೀರ್ಮಾನಿಸಬೇಕು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ, ಎಲ್ಲ ಕಡೆ ಮದುವೆ ಸೀಸನ್ ಇರುತ್ತೆ. ಅಂಥ ಹೊತ್ತಲ್ಲಿ ಹೋಗಿ "ಕಲಿಸಿ" ಅಂತ ಪೀಡಿಸಬಾರದು. ಮಳೆಗಾಲದಲ್ಲಿ ಗಿರಾಕಿ ಕಡಿಮೆ ಅಂತ ಅವರು ಹೇಳಿದರೆ ನಮ್ಮ ರಜೆಯನ್ನು ನಾವು ಅದಕ್ಕೆ ಹೊಂದಿಸಿಕೊಳ್ಳಬಹುದು.

"ಅಂಗಡಿ ಒಳಗೆ ಗುರುತಿಲ್ಲದವರನ್ನು ಬಿಟ್ಟುಕೊಳ್ತಾರಾ?" ಇದು ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ. ಅಲ್ಲಿ ಊರವರ ಚಿನ್ನ ಇರುತ್ತೆ. ಅಕ್ಕಸಾಲೆಯ ಕಸವನ್ನೂ ಸುಮ್ಮನೆ ಎಸೆಯಲ್ಲ, ಅದರಲ್ಲಿ ಚಿನ್ನದ ಪುಡಿ ಇರುತ್ತೆ ಅಂತ ಕೂಡಿಡ್ತಾರೆ. ನಾವು ಉಜ್ಜಿದ ಬೆಳ್ಳಿ ಪುಡಿ ಅದಕ್ಕೆ ಬೆರೆತರೆ ಬೇರ್ಪಡಿಸುವ ಕಷ್ಟ ಅವರದು. ಅದಕ್ಕೇ ಕಲಿಯುವವರ ಮಣೆ ಬೇರೆ ಜಾಗದಲ್ಲಿ ಇರಬೇಕು. ಅಂಗಡಿಯ ಜಗಲಿಯಾಗಲಿ, ಹೋಂಸ್ಟೇ ಕೊಟ್ಟಿಗೆಯಾಗಲಿ ಸಾಕು, ಗಾಳಿ ಆಡಬೇಕು ಅಷ್ಟೇ. ಗ್ಯಾಸ್ ಟಾರ್ಚ್, ಆಸಿಡ್ ಇರುವ ಕಡೆ ಸಡಿಲ ಬಟ್ಟೆ, ಬಿಟ್ಟ ಕೂದಲು ಬೇಡ. ಕನ್ನಡಕ ಬೇಕು. ಇನ್ನೊಂದು ಮಾತನ್ನು ಮೊದಲೇ ಕೇಳಬೇಕು: ಬೆಸುಗೆಯಲ್ಲಿ ಕ್ಯಾಡ್ಮಿಯಂ ಇದೆಯಾ? ಮನೆಯಲ್ಲಿ ಕೇಳಿರುವ "ಕೆಡಿಎಂ" ಅನ್ನೋ ಹೆಸರು ಬಂದದ್ದೇ ಕ್ಯಾಡ್ಮಿಯಂ ಬೆಸುಗೆಯಿಂದ. ಅದರ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಹಾನಿ. ಕ್ಯಾಡ್ಮಿಯಂ ಇಲ್ಲದ ಬೆಸುಗೆ ಸಿಗುತ್ತೆ, ಅದನ್ನೇ ಬಳಸೋಣ. ಇದು ನಮ್ಮ ಒಂದು ದಿನಕ್ಕಿಂತ ಅವರ ಇಡೀ ಆಯುಷ್ಯದ ಪ್ರಶ್ನೆ.

ಕೊನೆಗೆ ದುಡ್ಡಿನ ಮಾತು. ನಮ್ಮ ಪ್ರಸ್ತಾಪ ಇಷ್ಟೇ: ಬಿಲ್ಲಿನಲ್ಲಿ ಮೂರು ಸಾಲು ಇರಲಿ. ಬೆಳ್ಳಿಗೆ ಆ ದಿನದ ಗ್ರಾಂ ದರ. ಗ್ಯಾಸ್, ಬೆಸುಗೆ, ಬಿಳಿಗಾರಕ್ಕೆ ಒಂದಿಷ್ಟು. ಕಲಿಸಿದವರಿಗೆ ಗಂಟೆಗೆ ಇಷ್ಟು ಅಂತ ಅವರೇ ಹೇಳಿದ ದರ. ಗಂಟೆಗೆ 400 ರೂ. ಅಂದರು ಅಂದುಕೊಳ್ಳಿ. ನಾಲ್ಕು ಗಂಟೆಗೆ 1,600. ನಾಲ್ಕು ಜನ ಹಂಚಿಕೊಂಡರೆ ತಲೆಗೆ 400. ಕೋಡಿಂಗ್ ಕ್ಲಾಸಿಗೆ, ಜಿಮ್ಮಿಗೆ ಗಂಟೆ ಲೆಕ್ಕದಲ್ಲಿ ಕೊಡುವಾಗ ಯಾರೂ ಕೀಬೋರ್ಡ್ ಎಷ್ಟು ತೂಕ ಇದೆ ಅಂತ ಕೇಳಲ್ಲ. ಉಂಗುರ ಕರಗಿ ಹಾಳಾದರೂ ಮೂರನೇ ಸಾಲು ಪೂರ್ತಿ ಕೊಡಬೇಕು, ಯಾಕಂದ್ರೆ ಅವರ ಸಮಯ ಖರ್ಚಾಗಿದೆ. ಹಾಳಾದ ಬೆಳ್ಳಿ ಎಲ್ಲೂ ಹೋಗಲ್ಲ, ಮೂಸೆಗೆ ಹಾಕಿದರೆ ಮತ್ತೆ ಬೆಳ್ಳಿಯೇ.

ಮುಂದಿನ ರಜೆಗೆ ಶಿರಸಿ ಟ್ರಿಪ್ ಹಾಕುವ ಗುಂಪುಗಳು ನಮ್ಮ ಸಂಘಕ್ಕೆ ತಿಳಿಸಿ. ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಬಂದ ಗೆಳೆಯರು ನಮ್ಮ ಕ್ಯಾಂಪಸ್ಸಲ್ಲೇ ಇದ್ದೀರಿ. ನಿಮ್ಮ ಮನೆಗೆ ಗೊತ್ತಿರುವ ಶೇಟ್ರನ್ನು ಒಂದು ಮಾತು ಕೇಳಿ ನೋಡಿ. ಅವರು ಬೇಡ ಅಂದರೆ ಅಲ್ಲಿಗೆ ಬಿಡೋಣ. ಹ್ಞೂಂ ಅಂದರೆ ದರ ಮೊದಲೇ ಕೇಳಿ, ಚೌಕಾಸಿ ಮಾಡದೆ ಒಪ್ಪಿ, ನಾಲ್ಕೇ ಜನರ ಮೊದಲ ಬ್ಯಾಚ್ ಕಳಿಸೋಣ. ಜಲಪಾತ ಮುಂದಿನ ವರ್ಷವೂ ಅಲ್ಲೇ ಇರುತ್ತೆ.