ಕಡಿಮೆ ವೋಲ್ಟೇಜ್ ದೀಪಗಳು: ಲಾಭವೆಷ್ಟು, ಲೋಪವೆಷ್ಟು?

ಮನೆಯ ಅಂಗಳ, ಕೈತೋಟಗಳನ್ನು ಬೆಳಗಿಸಲು 12 ಅಥವಾ 24 ವೋಲ್ಟಿನ ದೀಪಗಳು ಮಾರುಕಟ್ಟೆಯಲ್ಲಿ ಲಭ್ಯವಿವೆ. ‘ವೋಲ್ಟೇಜ್ ಕಡಿಮೆ, ಆದ್ದರಿಂದ ಬಿಲ್ಲೂ ಕಡಿಮೆ’ ಎಂಬ ಮಾತಿನೊಂದಿಗೆ ಅವು ಮಾರಾಟವಾಗುವುದುಂಟು. ಲೆಕ್ಕದ ಮುಂದೆ ಈ ಮಾತು ನಿಲ್ಲುವುದಿಲ್ಲ.

ಮೀಟರ್ ಅಳೆಯುವುದು ವೋಲ್ಟೇಜನ್ನಲ್ಲ, ಯೂನಿಟ್ಟುಗಳನ್ನು. 5 ವ್ಯಾಟಿನ 12 ದೀಪಗಳು ದಿನಕ್ಕೆ 5 ಗಂಟೆ ಉರಿದರೆ, 12 ವೋಲ್ಟಿನವಾಗಲಿ 230 ವೋಲ್ಟಿನವಾಗಲಿ, ತಿಂಗಳಿಗೆ ಸುಮಾರು 9 ಯೂನಿಟ್ ವ್ಯಯವಾಗುತ್ತದೆ. ಉಳಿತಾಯ ತರುವುದು ಎಲ್‌ಇಡಿ ತಂತ್ರಜ್ಞಾನವೇ ಹೊರತು ವೋಲ್ಟೇಜಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಮಿತಿಯೊಳಗಿರುವ ಕುಟುಂಬಕ್ಕಂತೂ ಉಳಿತಾಯದ ವಾದ ಬಹುಮಟ್ಟಿಗೆ ಅಪ್ರಸ್ತುತ.

ಹಾಗಾದರೆ ಇವುಗಳ ನಿಜವಾದ ಲಾಭ ಯಾವುದು? ನಿಸ್ಸಂದೇಹವಾಗಿ ಸುರಕ್ಷತೆ. 1956ರ ಭಾರತೀಯ ವಿದ್ಯುತ್ ನಿಯಮಗಳು 250 ವೋಲ್ಟಿನವರೆಗಿನ ವಿದ್ಯುತ್ತನ್ನೂ ‘ಕಡಿಮೆ’ ಎಂದೇ ಕರೆದಿದ್ದವು. ಆದರೆ ಮನೆಯ 230 ವೋಲ್ಟ್ ಪ್ರಾಣ ತೆಗೆಯಬಲ್ಲದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಸೀಮೆಯಲ್ಲಿ ತೇವದ ನೆಲದ ಮೇಲೆ ಬರಿಗಾಲಿನಲ್ಲಿ ನಡೆಯುವವರು ಹಲವರು. ಸಲಿಕೆಯ ಅಲಗು ತಂತಿಗೆ ತಗುಲಿದಾಗ, 12 ವೋಲ್ಟ್ ಆಗಿದ್ದರೆ ಪ್ರಾಣಾಪಾಯದ ಭಯ ಅತ್ಯಲ್ಪ. ಎರಡನೆಯ ಲಾಭ, ಈ ದೀಪಗಳು ಇನ್ವರ್ಟರಿನ ಹಂಗಿಲ್ಲದೆ ಬ್ಯಾಟರಿಯಿಂದಲೇ ಉರಿಯಬಲ್ಲವು. ಬಿಸಿಲಿಗೆ ಕೊರತೆಯಿಲ್ಲದ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ಸೌರಫಲಕದೊಡನೆ ಇವು ಚೆನ್ನಾಗಿ ಹೊಂದುತ್ತವೆ.

ಲೋಪವಿರುವುದು ತಂತಿಯಲ್ಲಿ. 60 ವ್ಯಾಟಿಗೆ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಸಾಕು. 12 ವೋಲ್ಟಿನಲ್ಲಿ 5 ಆಂಪಿಯರ್ ಬೇಕು. 30 ಮೀಟರ್ ದೂರದ ತೋಟಕ್ಕೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ ದಾರಿಯಲ್ಲೇ ಸುಮಾರು 3.5 ವೋಲ್ಟ್ ಸೋರಿಹೋಗುತ್ತದೆ. ಕೊನೆಯ ದೀಪಗಳು ಮಂಕಾಗುತ್ತವೆ. 4 ಚದರ ಮಿಲಿಮೀಟರಿನ ತಂತಿಯಲ್ಲಿ ನಷ್ಟ 1.3 ವೋಲ್ಟಿಗೆ ಇಳಿಯುವುದಾದರೂ ತಾಮ್ರದ ಖರ್ಚು ಏರುತ್ತದೆ. 24 ವೋಲ್ಟ್ ಆಯ್ದುಕೊಂಡರೆ ಅದೇ ತೆಳು ತಂತಿಯಲ್ಲಿಯೂ ನಷ್ಟ ಅರ್ಧಕ್ಕಿಳಿಯುತ್ತದೆ. ಜೊತೆಗೆ ಟ್ರಾನ್ಸ್‌ಫಾರ್ಮರಿನ ಬೆಲೆಯೂ ಸೇರುತ್ತದೆ. ಅದರ ಒಂದು ಬದಿಯಲ್ಲಿ 230 ವೋಲ್ಟ್ ಇದ್ದೇ ಇರುವುದರಿಂದ, ಅದನ್ನು ಮಳೆ ತಾಗದೆಡೆ ಇರಿಸಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ ಅಳವಡಿಸುವುದು ಅವಶ್ಯ.

ಆದುದರಿಂದ ವರ್ತಕ ಬಾಂಧವರು ದೀಪದ ಬೆಲೆಯನ್ನಷ್ಟೇ ಹೇಳದೆ, ತಂತಿ, ಟ್ರಾನ್ಸ್‌ಫಾರ್ಮರ್, ಕೂಲಿ ಸೇರಿದ ಪೂರ್ಣ ಅಂದಾಜನ್ನು ಗ್ರಾಹಕರಿಗೆ ಲಿಖಿತವಾಗಿ ನೀಡುವುದು ಒಳಿತು. 2022ರ ಜುಲೈ 18ರಿಂದ ಎಲ್‌ಇಡಿ ದೀಪಗಳ ಜಿಎಸ್‌ಟಿ ಶೇ. 12ರಿಂದ 18ಕ್ಕೆ ಏರಿದ ಮೇಲೆ ಗ್ರಾಹಕನು ಪ್ರತಿ ರೂಪಾಯಿಯನ್ನೂ ಎಣಿಸುವುದು ಸಹಜ. ಬಾರದ ಉಳಿತಾಯದ ಆಸೆ ತೋರಿಸಿ ಮಾಡಿದ ಮಾರಾಟ ಒಂದು ಸಲದ್ದು. ಸುರಕ್ಷತೆಗೆಂದು ತಿಳಿಹೇಳಿ ಮಾಡಿದ ಮಾರಾಟ ಅಂಗಡಿಗೆ ಕಾಯಂ ಗಿರಾಕಿಯನ್ನು ತಂದುಕೊಡುತ್ತದೆ.